ಮಾತು ಹೋದ ಮೇಲೆ ಹಾಡು

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಗಾಡಿ ಹಿಡಿದು ಫೋರ್ಟಿನ ಕಡೆಗೆ ಕೆಲಸಕ್ಕೆ ಹೋಗುವ ನಮ್ಮ ಬಾಂಧವರಿಗೆ ಗಾಡಿಯ ಭಜನಾ ಮಂಡಳಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಒಂದು ಕಾಲನ್ನು ಊರಲು ಸ್ಥಳ ಸಿಕ್ಕಿತು, ಇನ್ನೊಂದನ್ನು ಎಲ್ಲಿಡುವುದೆಂಬ ಚಿಂತೆಯಲ್ಲಿ ನಾವಿರುವಾಗ, ಬೋಗಿಯ ಮೂಲೆಯಲ್ಲಿ ಯಾರೋ ಒಬ್ಬರು ಚೀಲದಿಂದ ತಾಳ ಹೊರತೆಗೆಯುವರು. ಇನ್ನೊಬ್ಬರು ಗಾಡಿಯ ತಗಡಿನ ಗೋಡೆಯನ್ನೇ ಮೃದಂಗ ಮಾಡಿಕೊಳ್ಳುವರು. ವಿಠ್ಠಲನ ನಾಮ ಆರಂಭವಾಗುವುದು. ಠಾಣೆ ದಾಟುವ ಹೊತ್ತಿಗೆ, ಪಕ್ಕದವರ ಊಟದ ಡಬ್ಬಿ ನಮ್ಮ ಪಕ್ಕೆಲುಬಿಗೆ ಒತ್ತುತ್ತಿರುವುದು ಮರೆತುಹೋಗಿರುತ್ತದೆ. ಬೂಟಿನೊಳಗಿನ ಹೆಬ್ಬೆರಳು ನಮ್ಮ ಅಪ್ಪಣೆಯನ್ನು ಕೇಳದೆಯೇ ತಾಳ ಹಾಕುತ್ತಿರುತ್ತದೆ.

ಹದಿಮೂರು ವರ್ಷಗಳಿಂದ ಈ ಗಾಡಿಯಲ್ಲಿ ಓಡಾಡುತ್ತಿದ್ದರೂ, ಇದು ಏಕೆ ಹೀಗೆ ಎಂದು ನಾವು ಒಮ್ಮೆಯೂ ಯೋಚಿಸಿದವರಲ್ಲ. ನಾವು ಸರ್ಕಾರಿ ಕಛೇರಿಯೊಂದರ ಗುಮಾಸ್ತರು. ಬಂದ ಕಡತಕ್ಕೆ ಟಿಪ್ಪಣಿ ಬರೆದು ಮೇಲಿನ ಮೇಜಿಗೆ ಕಳಿಸುವುದು ನಮ್ಮ ಕಸುಬು. ಕಾರಣ ಕೇಳುವುದು ಮೇಲಿನವರ ಹಕ್ಕು. ಆದರೆ ಎರಡು ವರ್ಷಗಳ ಹಿಂದಿನ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನಮಗೂ ಕಾರಣ ಕೇಳುವುದನ್ನು ಕಲಿಸಿತು. ಬಿ.ಎ.ಗೆ ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ್ದೇನೋ ನಿಜ; ಆದರೆ ಅದರಿಂದ ಅಂದು ಏನೂ ಪ್ರಯೋಜನವಾಗಲಿಲ್ಲ. ಆ ಮೇಲೆ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ತಿರುವಿಹಾಕಿ ತಿಳಿದುಕೊಂಡುದನ್ನು ನಮ್ಮಂತೆಯೇ ಊರು ಬಿಟ್ಟು ಬಂದ ಕುಟುಂಬಗಳ ಮುಂದಿಡಬೇಕೆಂದು ಈ ಲೇಖನ.

ಆ ಬೆಳಗು

ನಮ್ಮ ತಂದೆಯವರು ಗದಗಿನ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಮೂವತ್ತೈದು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದವರು. ತಾಯಿಯವರು ತೀರಿಕೊಂಡ ಮೇಲೆ ನಮ್ಮ ಎರಡು ಕೋಣೆಯ ಮನೆಗೆ ಬಂದು ನೆಲೆಸಿದರು. ಶ್ರಾವಣದ ಒಂದು ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಬಟ್ಟಲು ಅವರ ಬಲಗೈಯಿಂದ ಜಾರಿ ಬಿತ್ತು. ಬಾಯಿ ಒಂದು ಮಗ್ಗುಲಿಗೆ ವಾಲಿತು. ಏನೋ ಹೇಳಹೊರಟರು, ಬಂದದ್ದು ಮಾತಲ್ಲ, ಬರಿಯ ಸದ್ದು.

ನಾವು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಪಿತ್ತ ಏರಿದೆ ಎಂದುಕೊಂಡೆವು. ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಲಿಂಬೆಹಣ್ಣಿನ ಶರಬತ್ತು ಕುಡಿಸಲು ನೋಡಿದೆವು. ಹೀಗೆ ಎರಡು ಗಂಟೆ ಹೋಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ತೆಗೆಯುವ ಯಂತ್ರವಿರಲಿಲ್ಲ; ಅದನ್ನು ಹೇಳಲು ಅವರು ತೆಗೆದುಕೊಂಡ ಹೊತ್ತೂ ಕಡಿಮೆಯದಲ್ಲ. ಎರಡನೆಯದಕ್ಕೆ ಮುಟ್ಟುವಾಗ ಐದು ಗಂಟೆ ಕಳೆದುಹೋಗಿತ್ತು. ವೈದ್ಯರು ಪಾರ್ಶ್ವವಾಯು ಎಂದರು. ನಮ್ಮ ಕಡೆ ಲಕ್ವಾ ಎನ್ನುವೆವಲ್ಲ, ಅದೇ. ಮಿದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು.

ಓದುಗರು ಇದೊಂದನ್ನು ಮೊದಲು ನೆನಪಿಟ್ಟುಕೊಳ್ಳಬೇಕು. ಮುಖ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಅದು ಪಿತ್ತವಲ್ಲ. ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಮುಂಚೆ ಕೊಟ್ಟಷ್ಟೂ ಗುಣ ಹೆಚ್ಚು. ದೊಡ್ಡ ರಕ್ತನಾಳ ಕಟ್ಟಿದ್ದರೆ ಕೆಲವರಿಗೆ ನಳಿಕೆ ಹಾಕಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಅದಾದ ಮೇಲೂ ಸಾಧ್ಯ. ಆದರೆ ಎಲ್ಲರಿಗೂ ಅಲ್ಲ. ಬಾಯಿಗೆ ನೀರನ್ನೂ ಹಾಕಬಾರದು. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕ್ಕೆ ಇಳಿಯುತ್ತದೆ. ಸ್ಕ್ಯಾನ್ ಯಂತ್ರವಿರುವ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರ ಯಾವುದು ಎಂದು ಇಂದೇ ವಿಚಾರಿಸಿಟ್ಟುಕೊಳ್ಳಿ. ನಾವು ವಿಚಾರಿಸಿರಲಿಲ್ಲ.

ಶುಕ್ರವಾರದ ದೀಪ

ದಸರೆಯ ಹೊತ್ತಿಗೆ ತಂದೆಯವರು ಕೋಲು ಹಿಡಿದು ನಡೆಯತೊಡಗಿದರು. ಮಾತು ಮಾತ್ರ ಬರಲಿಲ್ಲ. ಏನು ಹೇಳಹೋದರೂ “ಅದು... ಅದು...” ಎಂಬುದೊಂದೇ. ತಿಳಿವಳಿಕೆಗೆ ಕೊರತೆ ಇರಲಿಲ್ಲ. ಪತ್ರಿಕೆ ಓದಿ ಹೇಳಿದರೆ ನಗಬೇಕಾದಲ್ಲಿ ನಗುತ್ತಿದ್ದರು, ಹುಬ್ಬು ಗಂಟಿಕ್ಕಬೇಕಾದಲ್ಲಿ ಗಂಟಿಕ್ಕುತ್ತಿದ್ದರು. ಮಾತು ಅವರ ಒಳಗೆ ಇತ್ತು. ಹೊರಗೆ ಬರುವ ಬಾಗಿಲು ಮುಚ್ಚಿತ್ತು.

ಒಂದು ಶುಕ್ರವಾರ ಸಂಜೆ ನಮ್ಮ ಮನೆಯಾಕೆ ದೀಪ ಹಚ್ಚಿ, ಎಂದಿನಂತೆ ಲಕ್ಷ್ಮಿಯನ್ನು ಮನೆಗೆ ಕರೆಯುವ ದಾಸರ ಪದವನ್ನು ಹಾಡುತ್ತಿದ್ದರು. ಮೊದಲನೆಯ ಸಾಲು ಮುಗಿದು ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ಎರಡನೆಯ ಸಾಲು ಒಳಕೋಣೆಯಿಂದ ಗಂಡು ದನಿಯಲ್ಲಿ ಬಂತು. ಒಂದೊಂದು ಅಕ್ಷರವೂ ಸ್ಪಷ್ಟ, ಒತ್ತಕ್ಷರವೊಂದೂ ಜಾರಿರಲಿಲ್ಲ. ನಾವು ಓಡಿದೆವು. ತಂದೆಯವರು ಮಂಚದ ಮೇಲೆ ಕುಳಿತು, ಕಣ್ಣು ಮುಚ್ಚಿ, ಪದವನ್ನು ಕಡೆಯವರೆಗೂ ಹಾಡಿದರು.

ಆ ವಾರವೆಲ್ಲ ಮನೆಯಲ್ಲಿ ಹಬ್ಬ. ಗದಗಿಗೆ, ಹುಬ್ಬಳ್ಳಿಗೆ, ಸೊಲ್ಲಾಪುರಕ್ಕೆ ಫೋನು ಹೋಯಿತು. ಬಂದವರ ಮುಂದೆಲ್ಲ ಅವರಿಂದ ಹಾಡಿಸಿದೆವು. “ಮಾಸ್ತರರಿಗೆ ಮಾತು ಬಂತಂತ” ಎಂದು ಸುದ್ದಿಯಾಯಿತು.

ಅನಂತರದ ಒಂದು ರಾತ್ರಿಯನ್ನು ಬರೆಯಲು ನಮಗೆ ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ನಡುರಾತ್ರಿ ತಂದೆಯವರು ಹಾಡಲು ತೊಡಗಿದರು. ನಾವೆದ್ದು ಹೋಗಿ ಮಂಚದ ಬದಿ ಕುಳಿತು ತಾಳ ಹಾಕಿದೆವು. ಒಂಬತ್ತು ವರ್ಷದ ನಮ್ಮ ಮಗಳು ಮೊಬೈಲಿನಲ್ಲಿ ಹಾಡು ಹಿಡಿದಳು. ಪದ ಮುಗಿಯಿತು, ಮತ್ತೆ ಮೊದಲಿನಿಂದ ಹಾಡಿದರು, ಮೂರನೆಯ ಸಲವೂ ಹಾಡಿದರು. ಆಗ ಅವರ ದನಿ ನಡುಗುತ್ತಿತ್ತು, ಎಡಗೈ ಹಾಸಿಗೆಯನ್ನು ಬಡಿಯುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಭಕ್ತಿಯೆಂದುಕೊಂಡೆವು. ಬಾಗಿಲಲ್ಲಿ ನಿಂತಿದ್ದ ಮನೆಯಾಕೆ, “ಏನ್ರೀ, ತಾಳ ಸಾಕ ಮಾಡ್ರಿ. ಮಾವನವರಿಗೆ ನೀರಡಿಕಿ ಆಗೇದ” ಎಂದರು. ನೋಡಿದರೆ, ನೀರಿನ ತಂಬಿಗೆಯನ್ನು ಯಾರೋ ಕೈಗೆಟುಕದ ಕಡೆ ಸರಿಸಿಟ್ಟಿದ್ದರು. ತಂದೆಯವರು ಎರಡು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದರು. ಅವರು ನೀರು ಬೇಡುತ್ತಿದ್ದರು; ನಾವು ಸಂಗೀತ ಕಚೇರಿ ನಡೆಸುತ್ತಿದ್ದೆವು.

ಹಾಡು ಬಂದಿತ್ತು, ಮಾತು ಬಂದಿರಲಿಲ್ಲ. ಇವೆರಡೂ ಒಂದೇ ಅಲ್ಲವೆಂಬುದು ನಮಗೆ ಆ ರಾತ್ರಿ ತಿಳಿಯಿತು.

ಮಿದುಳಿನಲ್ಲಿ ಹಾಡಿನ ಮನೆ

ಹೀಗಾದುದು ನಮ್ಮ ಮನೆಯಲ್ಲೇ ಮೊದಲಲ್ಲ. ಮಾತು ಕಳೆದುಕೊಂಡವನೊಬ್ಬನು ಇಗರ್ಜಿಯ ಸ್ತೋತ್ರಗಳನ್ನು ಮಾತ್ರ ಹಾಡಬಲ್ಲವನಾಗಿದ್ದನೆಂದು ಸ್ವೀಡನ್ ದೇಶದಲ್ಲಿ 18ನೆಯ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಕಾರಣದ ಒಂದು ಎಳೆ ಸಿಕ್ಕಿದ್ದು 1861ರಲ್ಲಿ. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಎಂಬುವರ ಆಸ್ಪತ್ರೆಯಲ್ಲಿ, ಕೇಳಿದ್ದಕ್ಕೆಲ್ಲ “ಟಾನ್” ಎಂಬ ಒಂದೇ ಸದ್ದನ್ನು ಉತ್ತರವಾಗಿ ಕೊಡುತ್ತಿದ್ದ ರೋಗಿಯೊಬ್ಬನು ತೀರಿಕೊಂಡನು. ಅವನ ಮಿದುಳನ್ನು ಪರೀಕ್ಷಿಸಿದಾಗ ಎಡಭಾಗದ ಮುಂದಣ ಅಂಶ ಕೆಟ್ಟುಹೋಗಿದ್ದುದು ಕಂಡಿತು. ಮಾತನ್ನು ಕಟ್ಟಿ ಹೊರಗೆ ಕಳಿಸುವ ಕೆಲಸದಲ್ಲಿ, ಬಹುಮಂದಿಯಲ್ಲಿ, ಮಿದುಳಿನ ಎಡಭಾಗಕ್ಕೇ ಹೆಚ್ಚಿನ ಹೊಣೆ ಎಂಬುದು ಅಲ್ಲಿಂದ ಸ್ಥಿರವಾಯಿತು. ಹೀಗೆ ಮಾತು ಕೆಡುವುದನ್ನು ವೈದ್ಯರು ಅಫೇಸಿಯ ಎನ್ನುವರು.

ಹಾಡಿನ ಕಥೆ ಬೇರೆ. ಅದಕ್ಕೆ ಮಿದುಳಿನಲ್ಲಿ ಒಂದೇ ಮನೆಯಿಲ್ಲ. ಸ್ವರದ ಏರಿಳಿತವನ್ನು ಹಿಡಿಯುವುದರಲ್ಲಿ ಬಲಭಾಗದ ಪಾಲು ದೊಡ್ಡದು. ತಾಳವನ್ನು ಹಿಡಿಯಲು ಕೈಕಾಲುಗಳ ಚಲನೆಯನ್ನು ನಡೆಸುವ ಭಾಗಗಳೂ, ಒಳಗಣ ಆಳದ ಗಂಟುಗಳೂ ಸೇರುವುವು. ಸಂತೋಷ, ನೆನಪು ಇವುಗಳ ಕೇಂದ್ರಗಳೂ ಕೂಡಿಕೊಳ್ಳುವುವು. ಇದಲ್ಲದೆ, ಬಾಲ್ಯದಿಂದ ಸಾವಿರ ಸಲ ಹಾಡಿದ ಪದದಲ್ಲಿ ಶಬ್ದಗಳು ಬಿಡಿಬಿಡಿಯಾಗಿ ಉಳಿದಿರುವುದಿಲ್ಲ. ಹೂಮಾಲೆಯಂತೆ ಒಂದನ್ನೊಂದು ಹಿಡಿದಿರುತ್ತವೆ. ಒಂದು ತುದಿಯನ್ನು ಎಳೆದರೆ ಇಡೀ ಮಾಲೆ ಬರುತ್ತದೆ. ಮಗ್ಗಿ, ವಾರಗಳ ಹೆಸರು, ಶ್ಲೋಕ ಇವು ಕೂಡ ಹಾಗೆಯೇ. “ನೀರು ಬೇಕು” ಎನ್ನುವುದಕ್ಕಾದರೋ ಪ್ರತಿ ಸಲವೂ ಹೂವನ್ನು ಹೊಸದಾಗಿ ಆಯ್ದು ಕಟ್ಟಬೇಕು. ಆ ಕಟ್ಟುವ ಕೈಯೇ ತಂದೆಯವರಲ್ಲಿ ಸೋತಿತ್ತು.

ಭಾಷೆ ನೀವು ತನ್ನಿ

ನೆರೆಯವರೊಬ್ಬರ ಸಲಹೆಯಿಂದ ಮಾತಿನ ಚಿಕಿತ್ಸೆ ಮಾಡುವ ಒಬ್ಬ ತರುಣಿಯ ಬಳಿಗೆ ತಂದೆಯವರನ್ನು ಕರೆದುಕೊಂಡು ಹೋದೆವು. ಮರಾಠಿ ಹೆಣ್ಣುಮಗಳು. ಹಾಡಿನ ಸಂಗತಿಯನ್ನು ಹೇಳಿದೊಡನೆ ಅವರ ಮುಖ ಅರಳಿತು. ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ ಒಂದು ವಿಧಾನವನ್ನು ಅವರು ವಿವರಿಸಿದರು. ದಿನಬಳಕೆಯ ಒಂದು ಚಿಕ್ಕ ಮಾತನ್ನು ಎರಡೇ ಸ್ವರದಲ್ಲಿ, ಒಂದು ಮೇಲಿನದು, ಒಂದು ಕೆಳಗಿನದು, ನಿಧಾನವಾಗಿ ರಾಗವೆಳೆದು ಹೇಳಿಸಬೇಕು. ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯಿಂದ ಒಂದೊಂದು ತಟ್ಟು. ಮೊದಲು ಜೊತೆಯಲ್ಲಿ ಹಾಡುವುದು. ಆಮೇಲೆ ನಡುವೆ ನಾವು ದನಿ ನಿಲ್ಲಿಸಿ ಅವರನ್ನೇ ಮುಂದುವರಿಯಬಿಡುವುದು. ಕಡೆಗೆ ರಾಗವನ್ನು ಕಳಚುತ್ತ ಕಳಚುತ್ತ ಮಾತಿಗೆ ತರುವುದು. ದಿನವೂ ಮಾಡಬೇಕು, ತಿಂಗಳುಗಟ್ಟಲೆ ಮಾಡಬೇಕು.

ಅನಂತರ ಅವರು ಹೇಳಿದ ಮಾತನ್ನು ನಮ್ಮ ಬಾಂಧವರೆಲ್ಲರೂ ಕೇಳಬೇಕು. ತಮಗೆ ಕನ್ನಡ ಬಾರದು. ತಮ್ಮಲ್ಲಿರುವ ಅಭ್ಯಾಸದ ಪಾಠಗಳು ಮರಾಠಿಯಲ್ಲಿ, ಹಿಂದಿಯಲ್ಲಿ ಇವೆ. ಅವು ನಿಮ್ಮ ತಂದೆಯವರಿಗೆ ಸಲ್ಲವು. ದಾರಿಯನ್ನು ತಾವು ತೋರಿಸಬಲ್ಲರು, ಭಾಷೆಯನ್ನು ಮನೆಯವರೇ ತರಬೇಕು ಎಂದರು. ಮರುದಿನಕ್ಕೆ ಇಪ್ಪತ್ತು ಮಾತುಗಳ ಪಟ್ಟಿಯನ್ನು ಬರೆದು ತರಲು ಹೇಳಿದರು.

ಪಟ್ಟಿ ಬರೆಯುವುದು ಗುಮಾಸ್ತರಿಗೆ ಹೊಸದೇ? ಅಂದು ರಾತ್ರಿಯೇ ಬರೆದೆವು: “ನನಗೆ ನೀರು ಬೇಕಾಗಿದೆ”, “ನಾನು ವಿಶ್ರಾಂತಿ ತೆಗೆದುಕೊಳ್ಳುತ್ತೇನೆ”, ಇತ್ಯಾದಿ. ಓದಿ ಹೇಳಿದಾಗ ತಂದೆಯವರು ಲಕ್ವಾ ಬಡಿದ ಮೇಲೆ ಮೊದಲ ಸಲ ಗಹಗಹಿಸಿ ನಕ್ಕರು. ಮನೆಯಾಕೆ ಕಾಗದವನ್ನು ಕಿತ್ತುಕೊಂಡು ಎಲ್ಲವನ್ನೂ ಹೊಡೆದುಹಾಕಿ ಬರೆದರು: “ನೀರ ಕೊಡ್ರಿ.” “ಚಾ ಬೇಕು.” “ಹೊಟ್ಟಿ ಹಸದದ.” “ಕಾಲ ನೋಯಾಕತ್ತಾವ.” “ಫ್ಯಾನ್ ಹಚ್ಚು.” ತರುಣಿಗೆ ಅರ್ಥ ಹೇಳಿದಾಗ, ಇದೇ ಸರಿ, ಮನುಷ್ಯ ಆರೋಗ್ಯದಲ್ಲಿದ್ದಾಗ ಯಾವ ಮಾತಾಡುತ್ತಿದ್ದನೋ ಅದನ್ನೇ ಕಲಿಸಬೇಕು ಎಂದರು. ಬಿ.ಎ. ಪದವಿ ಆ ದಿನ ಎರಡನೆಯ ಸಲ ಸೋತಿತು.

ತಾಳ ಹಾಕುವ ಕೆಲಸ ನಮ್ಮ ಮಗಳ ಪಾಲಿಗೆ ಬಂತು. ಈ ಹುಡುಗಿಯ ವಿಷಯವನ್ನು ಹೇಳಬೇಕು. ಓದುವುದು ಇಂಗ್ಲಿಷ್ ಶಾಲೆಯಲ್ಲಿ, ಆಡುವುದು ಮರಾಠಿ ಗೆಳತಿಯರೊಡನೆ, ನೋಡುವುದು ಹಿಂದಿ ಚಿತ್ರಗಳನ್ನು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಉತ್ತರ ಮರಾಠಿಯಲ್ಲಿ ಬರುತ್ತಿತ್ತು. ಗದರಿಸಿ ನೋಡಿದ್ದೆವು, ಸಂಘದ ಭಾನುವಾರದ ವರ್ಗಕ್ಕೂ ಕಳಿಸಿ ನೋಡಿದ್ದೆವು; ಮೂರನೆಯ ವಾರ ಹೊಟ್ಟೆನೋವು ಬರುತ್ತಿತ್ತು. ಈಗ ಶಾಲೆಯಿಂದ ಬಂದೊಡನೆ ಅಜ್ಜನ ಎಡಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, “ನೀ–ರ ಕೊ–ಡ್ರಿ” ಎಂದು ರಾಗವೆಳೆದು ತಟ್ಟತೊಡಗಿದಳು. ದಿನಕ್ಕೆ ಅರ್ಧ ಗಂಟೆ. ಮೊದಲ ಮೂರು ವಾರ ಏನೂ ಬರಲಿಲ್ಲ. ನಾಲ್ಕನೆಯ ವಾರ “ನೀ...” ಬಂತು. ಎರಡು ತಿಂಗಳ ಮೇಲೆ ಒಂದು ಸಂಜೆ, ಯಾರೂ ಕೇಳಿಸದೆ, ತಾಳವನ್ನು ತಾವೇ ತೊಡೆಯ ಮೇಲೆ ತಟ್ಟಿಕೊಂಡು, ತಂದೆಯವರು “ನೀರ ಕೊಡ್ರಿ” ಎಂದರು. ನಮ್ಮ ಮನೆಯಲ್ಲಿ ಆ ದಿನದಷ್ಟು ನೀರನ್ನು ಅವರಿಗೆ ಎಂದೂ ಕುಡಿಸಿಲ್ಲ. ಒಬ್ಬರಾದ ಮೇಲೊಬ್ಬರು ಲೋಟ ಹಿಡಿದು ನಿಂತೆವು.

ಎಷ್ಟು ನಿಜ, ಎಷ್ಟು ಅಲ್ಲ

ಈ ವಿಧಾನವನ್ನು ಹೊಗಳುವುದರಲ್ಲಿ ಅತಿ ಮಾಡಬಾರದು. ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದು, ಹೇಳುವ ಶಕ್ತಿ ಮಾತ್ರ ಕುಂದಿದವರಲ್ಲಿ ಕೆಲವರಿಗೆ ಇದರಿಂದ ಪ್ರಯೋಜನವುಂಟು, ಎಲ್ಲರಿಗೂ ಅಲ್ಲ. ಇಲ್ಲಿಯವರೆಗಿನ ಪರೀಕ್ಷೆಗಳು ಸಣ್ಣವು. ಅಭ್ಯಾಸ ಮಾಡಿದ ಮಾತುಗಳು ಚೆನ್ನಾಗಿ ಬರುತ್ತವೆ, ಅಭ್ಯಾಸ ಮಾಡದ ಹೊಸ ಮಾತುಗಳಿಗೆ ಆ ಗುಣ ಅಷ್ಟಾಗಿ ಹರಡುವುದಿಲ್ಲವೆಂದು ಅವುಗಳಿಂದ ತಿಳಿಯುತ್ತದೆ. ಗುಣವಾಗುವುದು ರಾಗದಿಂದಲೋ ತಾಳದಿಂದಲೋ ಎಂಬ ವಾದವೂ ಇದೆ. 2011ರಲ್ಲಿ ಜರ್ಮನಿಯ ಸಂಶೋಧಕರು 17 ಮಂದಿ ರೋಗಿಗಳನ್ನು ಪರೀಕ್ಷಿಸಿ, ರಾಗಕ್ಕಿಂತ ತಾಳವೂ, ಬಾಯಿಪಾಠವಾಗಿ ಹೋದ ಮಾತಿನ ಬಳಕೆಯೂ ಹೆಚ್ಚು ಸಹಾಯಕವೆಂದು ತೋರಿಸಿದರು. ನಮ್ಮ ಮಗಳ ತಟ್ಟುವಿಕೆಗೇ ಹೆಚ್ಚು ಅಂಕ ಸಲ್ಲಬೇಕೆಂದಾಯಿತು.

ಅದೇ 2011ರ ಜನವರಿಯಲ್ಲಿ ಅಮೆರಿಕದ ಸಂಸತ್ ಸದಸ್ಯೆ ಗೇಬ್ರಿಯಲ್ ಗಿಫರ್ಡ್ಸ್ ಅವರ ತಲೆಯ ಎಡಭಾಗಕ್ಕೆ ಗುಂಡೇಟು ಬಿದ್ದು ಮಾತು ಹೋಯಿತು. ಅವರಿಗೆ ಮಾತನ್ನು ಮತ್ತೆ ಕಲಿಸುವಾಗ ಹಾಡನ್ನೂ ಬಳಸಿದರು. ಅವರು ಮುಂದೆ ಸಭೆಗಳಲ್ಲಿ ಮಾತನಾಡುವಷ್ಟು ಚೇತರಿಸಿಕೊಂಡರು. ಆದರೂ ಮಾತಿನ ತೊಡಕು ಪೂರ್ತಿ ಹೋಗಲಿಲ್ಲ. ಇದು ಮಂತ್ರವಲ್ಲ, ವ್ಯಾಯಾಮ.

ಹಾಡುವುದು ಹೀಗಿರಲಿ, ಸುಮ್ಮನೆ ಕೇಳುವುದರಿಂದ ಏನಾದರೂ ಗುಣವುಂಟೋ? ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಹೊಸದಾಗಿ ಪಾರ್ಶ್ವವಾಯು ಬಡಿದ 60 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಎರಡು ತಿಂಗಳು ದಿನವೂ ತಮಗೆ ಪ್ರಿಯವಾದ ಸಂಗೀತವನ್ನು ಕೇಳಿತು. ಒಂದು ಗುಂಪು ಓದಿದ ಪುಸ್ತಕಗಳನ್ನು ಕೇಳಿತು. ಮೂರನೆಯದಕ್ಕೆ ಎರಡೂ ಇಲ್ಲ. ಔಷಧೋಪಚಾರ ಎಲ್ಲರಿಗೂ ಒಂದೇ. ಸಂಗೀತ ಕೇಳಿದವರಲ್ಲಿ ಮಾತಿನ ನೆನಪೂ ಏಕಾಗ್ರತೆಯೂ ಉಳಿದವರಿಗಿಂತ ಹೆಚ್ಚು ಸುಧಾರಿಸಿದವು. ಮನಸ್ಸಿನ ಕುಗ್ಗುವಿಕೆಯೂ ಕಡಿಮೆಯಿತ್ತು. “ತಮಗೆ ಪ್ರಿಯವಾದ” ಎಂಬ ಮಾತನ್ನು ಗಮನಿಸಬೇಕು. ತಂದೆಗೆ ಹಿತವಾದುದನ್ನು ಮಗ ಆರಿಸಿ ಕೊಡುವುದಲ್ಲ.

ಏಕೆ ಹೀಗೆ ಎಂಬುದಕ್ಕೆ ಕೆನಡಾ ದೇಶದ ಮಾಂಟ್ರಿಯಲಿನಲ್ಲಿ 2011ರಲ್ಲಿ ಒಂದು ಸುಳಿವು ಸಿಕ್ಕಿತು. ಮೆಚ್ಚಿದ ಸಂಗೀತ ಮೈನವಿರೇಳಿಸುವಾಗ ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ದ್ರವ್ಯ ಒಸರುವುದು ಕಂಡಿತು. ಹಸಿದವನಿಗೆ ಅನ್ನ ಕೊಡುವ ಸಂತೋಷದಲ್ಲಿ ಕೆಲಸ ಮಾಡುವುದೂ ಇದೇ ದ್ರವ್ಯ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಮೆಚ್ಚಿನ ತಿರುವು ಬರುವ ಮುಂಚೆಯೇ, “ಇದೋ ಬಂತು” ಎಂದು ಕಾಯುವಾಗಲೇ, ಅದು ಒಸರಲು ಆರಂಭಿಸುತ್ತದೆ. ಗವಾಯಿಗಳು ಸಮ್ಮಿಗೆ ಬರುವ ಮೊದಲೇ ನಮ್ಮ ತಲೆ ಏಕೆ ತೂಗುತ್ತದೆಂಬುದು ಈಗ ತಿಳಿಯಿತು.

ಪಾರ್ಕಿನ್ಸನ್ ರೋಗದಲ್ಲಿ ನಡಿಗೆ ತಡವರಿಸುವವರಿಗೆ ಸಮನಾದ ತಾಳವನ್ನು ಕೇಳಿಸಿದರೆ ಹೆಜ್ಜೆ ಉದ್ದವಾಗಿಯೂ ಚುರುಕಾಗಿಯೂ ಬೀಳುತ್ತದೆಂದು 1996ರಿಂದ ತಿಳಿದಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಅಂಜಿಕೆಯನ್ನು ಸಂಗೀತ ತಗ್ಗಿಸಬಲ್ಲುದೆಂದು, 2,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ 26 ಪರೀಕ್ಷೆಗಳನ್ನು ಕೂಡಿಸಿ ನೋಡಿದವರು 2013ರಲ್ಲಿ ಹೇಳಿದರು. ಇಟಲಿಯ ವೈದ್ಯರು 2001ರಲ್ಲಿ, ಜಪಮಾಲೆಯ ಪ್ರಾರ್ಥನೆಯನ್ನಾಗಲಿ ನಮ್ಮ ಕಡೆಯ ಮಂತ್ರವನ್ನಾಗಲಿ ಪುನಃ ಪುನಃ ಹೇಳುವವರ ಉಸಿರು ನಿಮಿಷಕ್ಕೆ ಆರರ ಸುಮಾರಿಗೆ ಇಳಿಯುವುದನ್ನೂ, ಆ ನಿಧಾನದ ಉಸಿರು ಹೃದಯಕ್ಕೆ ಹಿತವಾಗಿರುವುದನ್ನೂ ಅಳೆದು ತೋರಿಸಿದರು. ನಮ್ಮ ಲೋಕಲ್ ಗಾಡಿಯ ಭಜನೆಯನ್ನು ಯಾರೂ ಅಳೆದಿಲ್ಲ. ಆದರೂ ಠಾಣೆ ದಾಟುವ ಹೊತ್ತಿಗೆ ಸಿಟ್ಟು ಇಳಿಯುವುದಕ್ಕೆ ಇಂಥದೇ ಕಾರಣವಿರಬೇಕೆಂದು ನಮ್ಮ ಊಹೆ. ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತಕ್ಕೂ ಮಿದುಳಿಗೂ ಇರುವ ಸಂಬಂಧವನ್ನು ಅಭ್ಯಸಿಸುವ ಪ್ರಯೋಗಶಾಲೆಯೇ ಇದೆ.

ಮರುಳು ಮಾಡುವವರೂ ಉಂಟು

ಒಳ್ಳೆಯ ಪದಾರ್ಥಕ್ಕೆ ಕಲಬೆರಕೆ ಬೇಗ. 1993ರಲ್ಲಿ ಅಮೆರಿಕದಲ್ಲಿ 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟನ ಸಂಗೀತವನ್ನು ಕೇಳಿಸಿದಾಗ, ಕಾಗದ ಮಡಚಿ ಕತ್ತರಿಸುವಂಥ ಒಂದು ಬಗೆಯ ಲೆಕ್ಕದಲ್ಲಿ ಕೊಂಚ ಹೊತ್ತು ಹೆಚ್ಚು ಅಂಕ ಬಂದವು. ಆ ಗುಣ ಉಳಿದದ್ದು ಹದಿನೈದು ನಿಮಿಷದ ಒಳಗೆ. ಆದರೆ ಸುದ್ದಿ ಬೆಳೆದು, ಹಸುಳೆಗಳಿಗೆ ಮೊಜಾರ್ಟ್ ಕೇಳಿಸಿದರೆ ಬುದ್ಧಿ ಹೆಚ್ಚುವುದೆಂದಾಯಿತು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರರು ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಮುದ್ರಿಕೆ ಹಂಚಲು ಹಣ ಕೇಳಿದರು. ಹಿತವಾದ ಏನನ್ನು ಕೇಳಿದರೂ ಮನಸ್ಸು ಚುರುಕಾಗಿ ಅಷ್ಟೇ ಫಲ ಬರುವುದೆಂದು ಆಮೇಲೆ ತಿಳಿಯಿತು. ಮಗುವಿಗೆ ಜೋಗುಳ ಹಾಡುವ ತಾಯಂದಿರು ಆ ಮುದ್ರಿಕೆಗಾಗಿ ಕಾಯಬೇಕಾಗಿಲ್ಲ.

ನಮ್ಮಲ್ಲಿಯೂ ಈ ರಾಗಕ್ಕೆ ರಕ್ತದೊತ್ತಡ, ಆ ರಾಗಕ್ಕೆ ಸಿಹಿಮೂತ್ರ ಎಂದು ಪಟ್ಟಿ ಹಿಡಿದು ತಿರುಗುವವರಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನ ಹೊಟ್ಟೆಶೂಲೆಗಾಗಿ ಅಠಾಣ ರಾಗದಲ್ಲಿ ಗುರುಗ್ರಹದ ಕೃತಿಯನ್ನು ರಚಿಸಿದರೆಂಬ ಕಥೆಯನ್ನು ನಾವೂ ಭಕ್ತಿಯಿಂದ ಕೇಳಿದ್ದೇವೆ. ಕಥೆಗೆ ಅದರ ಸ್ಥಾನವಿದೆ. ಆದರೆ ರಾಗವನ್ನು ನಂಬಿ ಗುಳಿಗೆಯನ್ನು ಬಿಡುವುದು ತರವಲ್ಲ.

ಇಲ್ಲಿ ನಮ್ಮವರೇ ಆದ ಒಬ್ಬರ ಬಾಳನ್ನು ನೆನೆಯಬೇಕು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ, ಅಂದರೆ ಕುಮಾರ ಗಂಧರ್ವರು, ನಮ್ಮಂತೆಯೇ ಊರು ಬಿಟ್ಟು ಬಾಲ್ಯದಲ್ಲೇ ಮುಂಬಯಿಗೆ ಬಂದು ದೇವಧರ ಮಾಸ್ತರರಲ್ಲಿ ಕಲಿತವರು. ಎಳೆಯ ವಯಸ್ಸಿಗೇ ಕೀರ್ತಿ ಬಂತು. ಒಡನೆಯೇ ಕ್ಷಯವೂ ಬಂತು. 1948ರಲ್ಲಿ ಒಣಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಸಿಗೆ, ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಅವರನ್ನು ಬದುಕಿಸಿದ್ದು ರಾಗವಲ್ಲ. ಆಗಷ್ಟೇ ದೊರೆಯತೊಡಗಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿ, ಮನೆಯವರ ಶುಶ್ರೂಷೆ. ಆದರೆ ಮಲಗಿದಲ್ಲಿಯೇ ಅವರು ಮಾಳವದ ಹಳ್ಳಿಗರ ಹಾಡುಗಳನ್ನು ಕಿವಿಗೊಟ್ಟು ಕೇಳಿದರು. 1953ರಲ್ಲಿ ಮತ್ತೆ ವೇದಿಕೆ ಏರಿದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಗಿತ್ತು. ಆದರೆ ಆ ಹಳ್ಳಿಯ ಹಾಡುಗಳಿಂದ ಹೊಸ ರಾಗಗಳೇ ಹುಟ್ಟಿದ್ದವು. 1992ರಲ್ಲಿ ತೀರಿಕೊಳ್ಳುವವರೆಗೂ ಹಾಡಿದರು. ಔಷಧಿ ಜೀವವನ್ನು ಉಳಿಸಿತು. ಉಳಿದ ಜೀವಕ್ಕೆ ಕೆಲಸ ಕೊಟ್ಟಿದ್ದು ಹಾಡು. ಇದಕ್ಕಿಂತ ಹೆಚ್ಚಿನದನ್ನು ಸಂಗೀತದಿಂದ ಕೇಳುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ಗಟ್ಟಿಯಾದ ಸಂಗೀತ ಕಿವಿಯನ್ನು ಕೆಡಿಸುತ್ತದೆ. ಕೆಟ್ಟ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಕಿವಿಗೆ ಬಿರಡೆಯಂತೆ ಯಂತ್ರ ತುರುಕಿಕೊಂಡು ಗಾಡಿಯ ಸದ್ದನ್ನೂ ಮೀರಿಸಿ ಕೇಳುವ ತರುಣರೂ, ಗಣಪತಿಯ ಮೆರವಣಿಗೆಯಲ್ಲಿ ಧ್ವನಿವರ್ಧಕದ ಮುಂದೆಯೇ ಕುಣಿಯುವವರೂ ಇದನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಈಗ

ತಂದೆಯವರಿಗೆ ಈಗ ಇಪ್ಪತ್ತೆರಡು ಮಾತುಗಳು ಬರುತ್ತವೆ. ಅವುಗಳಲ್ಲಿ ಒಂಬತ್ತು ರಾಗದ ಆಸರೆಯಿಲ್ಲದೆಯೇ ಬರುತ್ತವೆ. ಪತ್ರಿಕೆಗೆ ಈಗಲೂ “ಅದು” ಎಂದೇ ಹೆಸರು. ಹೊಸ ಮಾತು ತಾನಾಗಿ ಹುಟ್ಟುವುದು ಅಪರೂಪ. ವೈದ್ಯರು ಇನ್ನೂ ಸುಧಾರಿಸೀತು ಎನ್ನುವರು, ಎಷ್ಟೆಂದು ಹೇಳಲೊಲ್ಲರು. ನಾವೂ ಕೇಳುವುದಿಲ್ಲ.

ಮಗಳಿಗೆ ಮಾತ್ರ ಕನ್ನಡ ಬಂದಿದೆ. ಅದೂ ಪುಸ್ತಕದ ಕನ್ನಡವಲ್ಲ, ಅಪ್ಪಟ ಗದಗಿನದು. ಅಜ್ಜನಿಗೆ ತಟ್ಟಿ ಹೇಳಿಸಿದ ಮಾತುಗಳೇ ಅವಳ ಬಾಲಪಾಠ. ಮೊನ್ನೆ ಗೆಳತಿಯೊಬ್ಬಳ ಮನೆಯಲ್ಲಿ, ಮರಾಠಿಯ ನಡುವೆ, “ಹೊಟ್ಟಿ ಹಸದದ” ಎಂದಳಂತೆ. ಯಾರಿಗೂ ತಿಳಿಯದೆ ಎಲ್ಲರೂ ನಕ್ಕರಂತೆ. ಮೂವತ್ತೈದು ವರ್ಷ ಕಲಿಸಿದ ಮಾಸ್ತರರು ಮಾತಿಲ್ಲದೆಯೂ ಇನ್ನೊಬ್ಬ ವಿದ್ಯಾರ್ಥಿನಿಯನ್ನು ತಯಾರು ಮಾಡಿದರು.

ಈ ಪತ್ರಿಕೆಯ ಓದುಗರಲ್ಲಿ ನಮ್ಮದೊಂದು ಅರಿಕೆ. ನಿಮ್ಮ ಮನೆಯಲ್ಲಿಯೂ ಊರಿನಿಂದ ಬಂದ ಹಿರಿಯರಿರಬಹುದು. ಅವರಿಗೆ ಬರುವ ಹಾಡುಗಳಾವುವು? ಬೀಸುವಾಗಿನ ಪದವೋ, ಸೋಬಾನೆಯೋ, ವಚನವೋ, ದೇವರನಾಮವೋ, ಶಾಲೆಯಲ್ಲಿ ಕಲಿತ ಪದ್ಯವೋ, ರೇಡಿಯೋದಲ್ಲಿ ಕೇಳಿ ಮೆಚ್ಚಿದ ಚಿತ್ರಗೀತೆಯೋ? ಅವರು ಆಡುವ ಮಾತಿನ ಬಗೆ ಎಂಥದು: ನೀರು ಕೊಡು ಎನ್ನುವರೋ, ನೀರ ಕೊಡ್ರಿ ಎನ್ನುವರೋ? ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಮಕ್ಕಳಿಂದಲೇ ಬರೆಯಿಸಿ, ಸಾಧ್ಯವಾದರೆ ದನಿಯನ್ನೂ ಹಿಡಿದಿಡಿ. ಲಕ್ವಾಕ್ಕೇ ಎಂದಲ್ಲ, ಮರೆವಿನ ರೋಗ ಬಂದವರಲ್ಲಿಯೂ ಹಳೆಯ ಹಾಡು ಬಹುಕಾಲ ಉಳಿಯುವುದುಂಟು. ಈ ದೂರದ ಊರಿನಲ್ಲಿ ಒಳ್ಳೆಯ ವೈದ್ಯರು ಸಿಕ್ಕಾರು, ಒಳ್ಳೆಯ ಔಷಧಿ ಸಿಕ್ಕೀತು. ಆ ಪಟ್ಟಿಯನ್ನು ಮಾತ್ರ ಬೇರೆ ಯಾರೂ ತಂದುಕೊಡಲಾರರು. ನಮ್ಮ ತಂದೆಯವರಿಗೆ ಬರುವ ಹಾಡುಗಳು ಐದಾರೆಂದು ನಾವು ತಿಳಿದಿದ್ದೆವು. ಮಗಳ ನೋಟುಪುಸ್ತಕದಲ್ಲಿ ಈಗ ಮೂವತ್ತೊಂದಾಗಿವೆ.

ಇಂದು ಬೆಳಗ್ಗೆ ಗಾಡಿಗೆ ಹೊತ್ತಾಯಿತೆಂದು ಬೂಟು ಹಾಕಿಕೊಳ್ಳುತ್ತಿದ್ದೆವು. ತಂದೆಯವರು ಬಾಗಿಲವರೆಗೆ ಬಂದರು. ಎಡಗೈಯಿಂದ ಬಾಗಿಲಿನ ಚೌಕಟ್ಟನ್ನು ತಟ್ಟುತ್ತ, ಪಟ್ಟಿಯಲ್ಲಿಲ್ಲದ, ನಾವಾರೂ ಕಲಿಸದ ಮಾತೊಂದನ್ನು ಹೇಳಿದರು: “ಲ–ಗೂ–ನ ಬಾ.”

ಆ ಗಾಡಿ ತಪ್ಪಿತು. ಮುಂದಿನದರಲ್ಲಿ ಹೋದೆವು.